ಶಿರಸಿಯ ಸ್ಟುಡಿಯೋ: ದನಿ ಚೊಕ್ಕ, ಸಂಗೀತ ರೆಡಿಮೇಡ್

ನಮ್ಮ ಸಂಘದ ಹಾಡಿಗೆ ಶಿರಸಿಯ ಒಂದು ಸ್ಟುಡಿಯೋಗೆ ಹೋಗಿದ್ದೆವು, ಹೆಸರು ಬೇಡ. ರೆಕಾರ್ಡಿಂಗ್ ಚೆನ್ನಾಗಿದೆ, ಹೊರಗೆ ಮಳೆ ಹೊಡೆಯುತ್ತಿದ್ದರೂ ಒಳಗೆ ಸದ್ದಿಲ್ಲ. ಆದರೆ ‘ಹೊಸ ಸಂಗೀತ’ ಅಂತ ದುಡ್ಡು ತಗೊಂಡು ಕೊಟ್ಟಿದ್ದು ಆಪಲ್‌ನ ಸಂಗೀತ ತಂತ್ರಾಂಶ ಗ್ಯಾರೇಜ್‌ಬ್ಯಾಂಡ್ ಜೊತೆಗೇ ಬರುವ ಲೂಪ್‌ಗಳ (ಮತ್ತೆ ಮತ್ತೆ ಓಡಿಸುವ ಸಿದ್ಧ ಸಂಗೀತದ ತುಣುಕುಗಳ) ಜೋಡಣೆ. ಲೂಪ್ ಬಳಸೋದು ತಪ್ಪಲ್ಲ. ಆಪಲ್ ಲೂಪ್‌ಗಳನ್ನು ನಮ್ಮ ಹಾಡಿನಲ್ಲಿ ರಾಯಲ್ಟಿ ಇಲ್ಲದೆ ಬಳಸಬಹುದು, ಬಿಡಿಯಾಗಿ ಮಾರುವಂತಿಲ್ಲ ಅಷ್ಟೇ. ಮೊದಲೇ ಹೇಳಬಹುದಿತ್ತು ಅಲ್ವಾ? ನಾವು ಕೇಳಿದ್ದು ಬಡಗುತಿಟ್ಟು ಯಕ್ಷಗಾನದ ಚಂಡೆ-ಮದ್ದಲೆ. ಲೂಪ್ ಒಂದೇ ವೇಗದಲ್ಲಿ ಓಡುತ್ತದೆ, ಮದ್ದಲೆಯವರು ಹಾಡುವ ಭಾಗವತರ ದನಿ ನೋಡಿಕೊಂಡು ಹಿಡಿಯುತ್ತಾರೆ, ಬಿಡುತ್ತಾರೆ, ಭಾಗವತರು ವೇಗ ಎತ್ತಿದಾಗ ಇವರೂ ಜಾಸ್ತಿ ಮಾಡುತ್ತಾರೆ. ಕೊನೆಗೆ ನಮ್ಮೂರ ಮದ್ದಲೆಯವರನ್ನೇ ಕರೆತಂದು ನುಡಿಸಿದೆವು, ಅದನ್ನು ಸ್ಟುಡಿಯೋದವರು ಚಂದ ಹಿಡಿದುಕೊಟ್ಟರು. ಬಾಡಿಗೆ ಗಂಟೆ ಲೆಕ್ಕದಲ್ಲಿ, ವಾದ್ಯದವರ ಖರ್ಚು ಬೇರೆ.