ಬೆಳಗಾವಿ ಮಳೆ, ವಿಜಯಪುರ ಬಿಸಿಲು: ದುಬಾರಿ ವಾಚಿನ ಡಬ್ಬಿಗಳಲ್ಲಿ ಯಾವುದು ತಾಳುತ್ತದೆ?

ಸ್ವಿಸ್ ವಾಚಿನ ಬ್ರೈಟ್ಲಿಂಗ್ ಕಂಪನಿಯ ಹಳೆಯ ಬೇಕಲೈಟ್ (ಗಡುಸಾದ ಹಳೇ ಕಾಲದ ಪ್ಲಾಸ್ಟಿಕ್) ಡಬ್ಬಿ ಎತ್ತಬೇಕಾದರೆ ಎರಡೂ ಕೈ ಬೇಕು. ಅದೇ ಕಂಪನಿ 2020ರಲ್ಲಿ ತಂದ ಡಬ್ಬಿ ಬಳಸಿ ಬಿಸಾಕಿದ ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ್ದು; ಮಡಚಿದರೆ ಸೀರೆಗಳ ಸಂದಿಯಲ್ಲೂ ಕೂರುತ್ತದೆ. ಒಳಗಿನ ವಾಚು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಹಾಗಾದರೆ ಇಷ್ಟು ವರ್ಷ ಆ ಭಾರ ಯಾತಕ್ಕಿತ್ತು?

ಈ ವಿಮರ್ಶೆ ಡಬ್ಬಿಯ ಅಂದದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹಿಡಿಯುವ ಬೆಳಗಾವಿಯ ಮನೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಮನೆಯಲ್ಲಿ ಯಾವ ಕಾಲದ ಡಬ್ಬಿ ವಾಚನ್ನು ನೆಟ್ಟಗೆ ಇಡುತ್ತದೆ, ಯಾವುದು ಕೆಡಿಸುತ್ತದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಸ್ವಿಟ್ಜರ್ಲೆಂಡಿನಲ್ಲಿ ಡಬ್ಬಿ ಮಾಡಿದವರ ಲೆಕ್ಕದಲ್ಲಿ ನಮ್ಮ ಆಷಾಢ ಇರಲಿಲ್ಲ.

ಮೊದಲಿಗೆ ಪೆಟ್ಟಿಗೆ ಎನ್ನುವುದು ಅಲಂಕಾರವಾಗಿರಲಿಲ್ಲ, ಯಂತ್ರದ ಒಂದು ಭಾಗವಾಗಿತ್ತು. ಹಡಗಿನ ಕ್ರೊನೋಮೀಟರ್, ಅಂದರೆ ಸಮುದ್ರಯಾನದ ಕರಾರುವಾಕ್ಕು ಗಡಿಯಾರ, ನೋಡಿ: ಮಹಾಗನಿ ಮರದ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಜೋಡಿ ಬಳೆಗಳಲ್ಲಿ ತೂಗುವ ಗಡಿಯಾರ. ಹಡಗು ಹೇಗೆ ಹೊರಳಿದರೂ ಡಯಲ್ ಆಕಾಶಕ್ಕೇ ಮುಖ ಮಾಡಿರಬೇಕು. ಮರದ ಮುಚ್ಚಳದ ಕೆಳಗೆ ಗಾಜಿನದೊಂದು ಮುಚ್ಚಳ, ಗಾಳಿ ತಾಗಿಸದೆ ವೇಳೆ ನೋಡಲಿಕ್ಕೆ. ಪ್ಯಾರಿಸ್ಸಿನ ಹೆಸರಾಂತ ಗಡಿಯಾರಗಾರ ಬ್ರೆಗೆಯ ಜೇಬು ಗಡಿಯಾರಗಳು ಕೆಂಪು ಮೊರಾಕೊ ಚರ್ಮದ ಸಣ್ಣ ಸಂಪುಟದಲ್ಲಿ ಬರುತ್ತಿದ್ದವು, ಗಡಿಯಾರದ ಆಕಾರಕ್ಕೇ ಕೊರೆದ ಗುಳಿ, ಒಂದು ಎಳ್ಳುಕಾಳಿನಷ್ಟೂ ಅಲುಗಾಟವಿಲ್ಲ. ಮರ, ಚರ್ಮ, ರೇಷ್ಮೆ, ಹಿತ್ತಾಳೆ: ಈ ನಾಲ್ಕು ಸಾಮಾನು ನೂರು ವರ್ಷ ದಾಟಿಯೂ ಉಳಿದಿವೆ. ಇಂಥದ್ದು ನಮ್ಮ ಕಡೆ ಯಾರ ತಿಜೋರಿಯಲ್ಲೂ ಸಿಗುವುದು ಅಪರೂಪ, ಆದ್ದರಿಂದ ಮುಂದೆ ಹೋಗೋಣ.

1907ರಲ್ಲಿ ಬೇಕಲೈಟ್ ಹುಟ್ಟಿತು. 1930-40ರ ದಶಕಗಳ ಹೊತ್ತಿಗೆ ವಾಚಿನ ಡಬ್ಬಿಗೂ ಬಂತು. ಬಿಸಿಗೆ ಮೆತ್ತಗಾಗುವುದಿಲ್ಲ, ನೀರು ಕುಡಿಯುವುದಿಲ್ಲ, ಬೂಸರು ಹಿಡಿಯುವುದಿಲ್ಲ. ವಿಜಯಪುರದ ಬಿಸಿಲಿಗೆ ಇದಕ್ಕಿಂತ ಗಟ್ಟಿ ಡಬ್ಬಿ ಇಲ್ಲ. ಒಂದೇ ದೋಷ: ಕೈ ಜಾರಿ ಕಡಪಾ ಕಲ್ಲಿನ ಮೇಲೆ ಬಿದ್ದರೆ ಬಿಜಾಗರಿಯ ಹತ್ತಿರ ಚಕ್ಕೆ ಎದ್ದುಹೋಗುತ್ತದೆ, ಆಮೇಲೆ ಯಾವ ಅಂಟಿಗೂ ಅದು ಬಗ್ಗುವುದಿಲ್ಲ.

ಆಮೇಲಿನದು ರೆಕ್ಸಿನ್ ಕಾಲ. 1950ರಿಂದ 80ರವರೆಗೆ ರೋಲೆಕ್ಸ್‌ನ ಹಸಿರು, ಒಮೆಗಾದ ಕೆಂಪು ಡಬ್ಬಿಗಳೆಲ್ಲ ತೆಳು ಮರ ಅಥವಾ ರಟ್ಟಿನ ಮೇಲೆ ಚರ್ಮದಂಥ ಹೊದಿಕೆ ಸುತ್ತಿದವು. ಗಾತ್ರ ಅಂಗೈಯಷ್ಟು. ವಾಚು ಆಗ ಇನ್ನೂ ದಿನಾ ಕಟ್ಟುವ ಸಾಮಾನು, ಡಬ್ಬಿ ಅಂಗಡಿಯಿಂದ ಮನೆಗೆ ಬರುವವರೆಗಿನ ಹೊದಿಕೆ. ನಮ್ಮಲ್ಲಿ 1961ರಿಂದ ಬೆಂಗಳೂರಿನಲ್ಲಿ ವಾಚು ಮಾಡಿದ ಎಚ್‌ಎಂಟಿಯದ್ದೂ ಇದೇ ಲೆಕ್ಕ: ಸಣ್ಣ ಪ್ಲಾಸ್ಟಿಕ್ ಡಬ್ಬಿ, ಗ್ಯಾರಂಟಿ ಚೀಟಿ, ಮುಗಿಯಿತು. ಅಳಿಯನಿಗೆ ಕೊಡುವ ವಾಚಿಗೂ ಅಷ್ಟೇ ಡಬ್ಬಿ; ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ಈ ರೆಕ್ಸಿನ್ ಡಬ್ಬಿಗಳು ಇಂದು ಕೈಗೆ ಬಂದಾಗ ಎರಡು ರೋಗ ಕಾಣುತ್ತವೆ. ಒಂದು, ಮೇಲ್ಮೈ ಬೆಲ್ಲದ ಪಾಕದಂತೆ ಜಿಗುಟಾಗಿರುತ್ತದೆ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ಹೊರಗೆ ಜಿನುಗಿದ್ದರಿಂದ ಹೀಗಾಗುತ್ತದೆ. ಒರೆಸಲು ಥಿನ್ನರ್ ಮುಟ್ಟಬೇಡಿ, ಬಣ್ಣವೇ ಬಂದುಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಹಿಂಡಿ, ಒರೆಸಿ, ನೆರಳಲ್ಲಿ ಆರಿಸಿ. ಜಿಗುಟು ಕೆಲ ತಿಂಗಳಲ್ಲಿ ಮತ್ತೆ ಬರುತ್ತದೆ, ಮತ್ತೆ ಒರೆಸಬೇಕು. ಇನ್ನೊಂದು ರೋಗಕ್ಕೆ ಮದ್ದೇ ಇಲ್ಲ: ಪಾಲಿಯುರಿಥೇನ್ ಹೊದಿಕೆ ಗಾಳಿಯ ತೇವಕ್ಕೆ ಒಳಗೊಳಗೇ ಒಡೆದು ಹಪ್ಪಳದಂತೆ ಸುಲಿಯುತ್ತದೆ. ಬೆಳಗಾವಿಯಲ್ಲಿ ಇದು ಬೇಗ, ವಿಜಯಪುರದಲ್ಲಿ ತಡ.

ಸೆಲ್ ಹಾಕಿ ನಡೆಸುವ ಜಪಾನಿನ ಕ್ವಾರ್ಟ್ಜ್ ವಾಚುಗಳು ಬಂದು ಸ್ವಿಸ್ ಕಂಪನಿಗಳನ್ನು ಅಲ್ಲಾಡಿಸಿದ ಮೇಲೆಯೇ ಡಬ್ಬಿ ಉಬ್ಬಿದ್ದು. ವೇಳೆ ತೋರಿಸುವುದರಲ್ಲಿ ನೂರು ರೂಪಾಯಿ ವಾಚಿನ ಮುಂದೆ ಗೆಲ್ಲಲಾಗದ ಕೀಲಿ ವಾಚು ಒಡವೆಯಾಗಿ ಮರುಹುಟ್ಟು ಪಡೆಯಿತು. ಒಡವೆಗೆ ತಕ್ಕ ಮಂಟಪ ಬೇಕಾಯಿತು. 1990ರಿಂದ ಮುಂದೆ ಪ್ಯಾನೆರಾಯ್‌ನ ಮರದ ಪೆಟ್ಟಿಗೆ, ಒಮೆಗಾ ಸ್ಪೀಡ್‌ಮಾಸ್ಟರ್‌ನ ದೊಡ್ಡ ಪೆಟ್ಟಿಗೆ. ಸ್ಪೀಡ್‌ಮಾಸ್ಟರ್‌ನದರಲ್ಲಿ ಒಂದು ವಾಚಿನ ಜತೆ ಬಟ್ಟೆಯ ಬೆಲ್ಟು, ಬೆಲ್ಟು ಬದಲಿಸುವ ಸಲಕರಣೆ, ಭೂತಗನ್ನಡಿ, ಪುಸ್ತಕ. ನೋಡಿದವರು ಬಾಯಿ ಬಿಡುತ್ತಾರೆ, ಖರೆ. ಆದರೆ ಬ್ಯಾಂಕಿನ ಸಣ್ಣ ಲಾಕರಿಗೆ ಇದು ಹೋಗುವುದಿಲ್ಲ, ವಾಚೊಂದನ್ನೇ ತೆಗೆದು ಲಾಕರಿನಲ್ಲಿಟ್ಟು ಖಾಲಿ ಮಂಟಪವನ್ನು ಮನೆಯಲ್ಲಿ ಕಾಯಬೇಕು.

ನಮ್ಮ ಹವೆಗೆ ಈ ದೊಡ್ಡ ಡಬ್ಬಿಗಳೇ ಎಲ್ಲಕ್ಕಿಂತ ಕೆಟ್ಟವು. ಹೊರಗಿನ ಮರವಲ್ಲ, ಒಳಗಿನ ಹೂರಣ ಕಾರಣ. ವಾಚು ಸುತ್ತಿಡುವ ದಿಂಬಿನೊಳಗಿನ ಪಾಲಿಯುರಿಥೇನ್ ಫೋಮ್ ಹದಿನೈದು-ಇಪ್ಪತ್ತು ವರ್ಷಕ್ಕೆ ಹಳದಿಯಾಗಿ, ಬೆರಳಲ್ಲಿ ಒತ್ತಿದರೆ ರವೆಯಂತೆ ಉದುರುತ್ತದೆ. ಆ ಪುಡಿ ಚೈನಿನ ಕೊಂಡಿಗಳಲ್ಲಿ, ಕೀಲಿಯ ಬುಡದಲ್ಲಿ ಸೇರಿ ಅಂಟಾಗುತ್ತದೆ. ಕೆನೆಬಣ್ಣದ ಮಕಮಲ್ಲು ಮಳೆಗಾಲದಲ್ಲಿ ತೇವ ಹೀರಿ ಸ್ಪಂಜಿನಂತೆ ಹಿಡಿದಿಡುತ್ತದೆ. ಗಾಳಿಯ ತೇವಾಂಶ 65-70 ಶೇಕಡಾ ದಾಟಿದ ಮೇಲೆ ಬೂಸರಿಗೆ ಆಹ್ವಾನ ಕೊಟ್ಟಂತೆಯೇ. ಬೆಳಗಾವಿಯ ಜುಲೈ ಅದನ್ನು ದಿನಗಟ್ಟಲೆ ಮೀರಿರುತ್ತದೆ. ಮೊದಲು ಬೂಸರು ಕಾಣುವುದು ಚರ್ಮದ ಬೆಲ್ಟಿನ ಒಳಮೈಗೆ, ಬೆವರು ಕುಡಿದ ಜಾಗಕ್ಕೆ. ವಿಜಯಪುರದಲ್ಲಿ ತೊಂದರೆ ತಿರುವುಮುರುವು: ಮರ ಕುಗ್ಗಿ ಮೂಲೆಯ ತೆಳು ಪದರ ಬಾಯಿಬಿಡುತ್ತದೆ, ಮುಚ್ಚಳದೊಳಗಿನ ಬಟ್ಟೆ ಅಂಟು ಬಿಟ್ಟು ಜೋಲುತ್ತದೆ.

ಫೋಮ್ ಉದುರುತ್ತಿದ್ದರೆ ದಿಂಬಿನ ಹೊಲಿಗೆಯನ್ನು ಕೆಳಬದಿಯಲ್ಲಿ ಬಿಚ್ಚಿ, ಒಳಗಿನದನ್ನು ಪೂರ್ತಿ ತೆಗೆದು, ಪಾರ್ಸೆಲ್ ಕಟ್ಟುವ ಬಿಳಿ ಪಾಲಿಥಿಲೀನ್ ಫೋಮ್ ಹಾಳೆಯನ್ನು ಸುರುಳಿ ಸುತ್ತಿ ತುಂಬಿ. ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ತೇವಕ್ಕೆ ಒಡೆಯುವುದಿಲ್ಲ. ದಿಂಬಿನ ಸುತ್ತಳತೆ ಗಮನಿಸಿ: 17-18 ಸೆಂ.ಮೀ. ಮಣಿಕಟ್ಟಿನವರ ಚೈನಿಗೆ 16-17 ಸೆಂ.ಮೀ. ದಿಂಬು ಸಾಕು. ದೊಡ್ಡ ದಿಂಬಿಗೆ ಬಲವಂತವಾಗಿ ಹಾಕಿದರೆ ಚರ್ಮದ ಬೆಲ್ಟು ತೂತಿನ ಹತ್ತಿರ ಹಿಗ್ಗುತ್ತದೆ, ಚೈನಿನ ಪಿನ್ನುಗಳ ಮೇಲೆ ದಿನವಿಡೀ ಎಳೆತ.

ಮುಚ್ಚಳದ ಅಂಚಿನಲ್ಲಿ ಅಯಸ್ಕಾಂತ ಕೂರಿಸಿ ‘ಟಕ್’ ಎಂದು ಮುಚ್ಚುವ ಡಬ್ಬಿಗಳ ಬಗ್ಗೆ ಎಚ್ಚರ. ಕೀಲಿ ವಾಚಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಅಯಸ್ಕಾಂತ ತಾಗಿ ಒಂದಕ್ಕೊಂದು ಅಂಟಿದರೆ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ಪರೀಕ್ಷೆ ಸುಲಭ: ಮೊಬೈಲಿನ ದಿಕ್ಸೂಚಿ ತೆರೆದು ಡಬ್ಬಿಯ ಅಂಚಿನ ಉದ್ದಕ್ಕೂ ಸರಿಸಿ, ಎಲ್ಲಿ ಮುಳ್ಳು ಹುಚ್ಚು ಹಿಡಿದಂತೆ ತಿರುಗುತ್ತದೋ ಅಲ್ಲಿ ಅಯಸ್ಕಾಂತವಿದೆ. ಅದು ವಾಚಿನಿಂದ ಐದಾರು ಸೆಂ.ಮೀ. ದೂರವಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಶಕ್ತಿ ದೂರಕ್ಕೆ ಬೇಗ ಕುಸಿಯುತ್ತದೆ. ಒಂದೆರಡು ಸೆಂ.ಮೀ. ಇದ್ದರೆ ಆ ಡಬ್ಬಿ ಬೇಡ. ಅಯಸ್ಕಾಂತ ತಡೆಯುವ ವಾಚಿಗಿರುವ ಅಂತರರಾಷ್ಟ್ರೀಯ ಐಎಸ್‌ಒ 764 ಮಾನದಂಡದ ಪ್ರಕಾರ ವಾಚು ತಡೆಯಬೇಕಾದದ್ದು ಸುಮಾರು 60 ಗಾಸ್ (ಗಾಸ್ ಎಂದರೆ ಅಯಸ್ಕಾಂತದ ಶಕ್ತಿಯ ಅಳತೆ). ಒಮೆಗಾದ ಮಾಸ್ಟರ್ ಕ್ರೊನೋಮೀಟರ್‌ಗಳು 15,000 ಗಾಸ್ ತಡೆಯುತ್ತವೆ, ಅವುಗಳಿಗೆ ಈ ಮಾತು ಅನ್ವಯಿಸದು. ಸೆಲ್ ವಾಚು ಅಯಸ್ಕಾಂತದ ಹತ್ತಿರ ನಿಂತರೂ ದೂರ ಸರಿಸಿದ ಮೇಲೆ ಮತ್ತೆ ನಡೆಯುತ್ತದೆ.

ಈಚಿನ ಹಗುರ ಡಬ್ಬಿಗಳಿಗೆ ನಮ್ಮ ಓಟು. ಬ್ರೈಟ್ಲಿಂಗ್‌ನ ಮಡಚುವ ಡಬ್ಬಿಯಲ್ಲಿ ಕೊಳೆಯುವ ಸಾಮಾನು ಕಡಿಮೆ, ಪ್ರಯಾಣಕ್ಕೂ ಆಗುತ್ತದೆ. ಇಷ್ಟು ದುಡ್ಡು ಕೊಟ್ಟು ರಟ್ಟಿನಂಥ ಡಬ್ಬಿಯೇ ಎಂದು ಗೊಣಗುವವರಿದ್ದಾರೆ. ಗೊಣಗಲಿ.

ಮಾರುಕಟ್ಟೆಯಲ್ಲಿ ಸಾವಿರದಿಂದ ಎರಡೂವರೆ ಸಾವಿರದವರೆಗೆ ಸಿಗುವ 6 ಅಥವಾ 12 ಖಾನೆಯ ರೆಕ್ಸಿನ್ ಬಾಕ್ಸುಗಳು ಹೇಗೆ? ಹೆಚ್ಚಿನವು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಮೇಲೆ ಪಾಲಿಯುರಿಥೇನ್ ರೆಕ್ಸಿನ್. ತೆರೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಅಂಟಿನದು. ಎರಡು ವಾರ ಮುಚ್ಚಳ ತೆರೆದಿಟ್ಟು ವಾಸನೆ ಹೋದ ಮೇಲೆಯೇ ವಾಚು ಇಡಿ. ಗಾಜಿನ ಮುಚ್ಚಳದ್ದಾದರೆ ಕಿಟಕಿಯ ಬಿಸಿಲಿನಿಂದ ದೂರ. ಐದಾರು ವರ್ಷದ ಸಾಮಾನು ಎಂದು ತಿಳಿದು ಕೊಂಡರೆ ಬೇಸರವಿಲ್ಲ.

ಅದಕ್ಕಿಂತ ಒಳ್ಳೆಯದು ಊರಿನ ಬಡಿಗೇರರ ಹತ್ತಿರ ಮಾಡಿಸುವುದು. ಚೆನ್ನಾಗಿ ಒಣಗಿದ ಸಾಗವಾನಿ, 10 ಮಿ.ಮೀ. ದಪ್ಪ. ಪ್ರತಿ ಖಾನೆ 60 × 80 ಮಿ.ಮೀ., ಆಳ 65. ಮುಚ್ಚಳದೊಳಗೆ ಇನ್ನೂ 15 ಮಿ.ಮೀ. ಖಾಲಿ ಇರಲಿ, ಉಬ್ಬು ಗಾಜಿನ ವಾಚು ಮುಚ್ಚಳಕ್ಕೆ ತಾಗಬಾರದು. ಮೂರು ಖಾನೆಯ ಎರಡು ಸಾಲು, ನಡುವೆ 6 ಮಿ.ಮೀ. ಪಟ್ಟಿ ಎಂದರೆ ಹೊರಗಿನ ಅಳತೆ 212 × 186 ಮಿ.ಮೀ. ಮುಚ್ಚಳವನ್ನು ಬೇರೆ ಮಾಡಿ ಕೂಡಿಸಬಾರದು. ಆರೂ ಬದಿ ಮುಚ್ಚಿದ ಪೆಟ್ಟಿಗೆ ಮಾಡಿ ಆಮೇಲೆ ಗರಗಸದಿಂದ ಸೀಳಿದರೆ ಮುಚ್ಚಳ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಸೀಳುವಾಗ ಹೋಗುವ ಎರಡು-ಮೂರು ಮಿ.ಮೀ.ಯನ್ನು ಎತ್ತರಕ್ಕೆ ಮೊದಲೇ ಸೇರಿಸಿಕೊಳ್ಳಲು ಹೇಳಿ, ಇಲ್ಲವಾದರೆ ಮುಚ್ಚಳ ತಗ್ಗಾಗುತ್ತದೆ. ಹಿತ್ತಾಳೆ ಬಿಜಾಗರಿ, ಹಿತ್ತಾಳೆ ಕೊಕ್ಕೆ. ಪಾಲಿಶ್ ಹೊರಗೆ ಮಾತ್ರ, ಒಳಗೆ ಬರೀ ಮರ. ಬಟ್ಟೆ ಹಚ್ಚಲು ಬಿಳಿ ಅಂಟು. ಚಪ್ಪಲಿಗೆ ಹಚ್ಚುವ ಹಳದಿ ಅಂಟು ತಿಂಗಳುಗಟ್ಟಲೆ ಆವಿ ಉಗುಳುತ್ತಿರುತ್ತದೆ. ಓಕ್ ಮರ ಬೇಡ, ಅದರಿಂದ ಬರುವ ಆಮ್ಲದ ಆವಿ ಲೋಹ ಕೆಡಿಸುತ್ತದೆ. ಉಣ್ಣೆಯ ಫೆಲ್ಟೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಡಯಲ್ ಕಪ್ಪಾಗುತ್ತದೆ.

ಒಳಬಟ್ಟೆಗೆ ಗುಳೇದಗುಡ್ಡದ ಖಣ ಹಾಕಿಸುವ ಆಸೆ ಹಲವರಿಗೆ. ಮುಚ್ಚಳದೊಳಗೆ ಹಾಕಿಸಿ, ತೆರೆದಾಗ ಯಾವ ಸ್ವಿಸ್ ಡಬ್ಬಿಯೂ ಅದರ ಮುಂದೆ ಸಪ್ಪೆ. ಖಾನೆಗಳಿಗೆ ಮಾತ್ರ ಬೇಡ: ಬುಟ್ಟಾದ ಎಳೆ ಚೈನಿನ ಕೊಂಡಿಗೆ ಸಿಕ್ಕಿ ಕಿತ್ತುಬರುತ್ತದೆ. ಖಾನೆಗೆ ತೊಳೆದು ಗಂಜಿ ತೆಗೆದ ಸಾದಾ ಹತ್ತಿ ಬಟ್ಟೆ. ಯಾವುದೇ ಬಣ್ಣದ ಬಟ್ಟೆಯಾಗಲಿ, ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಬಂದರೆ ಬೆಲ್ಟಿಗೂ ಬರುತ್ತದೆ.

ಈ ಅಳತೆಯ ಪೆಟ್ಟಿಗೆಯೊಳಗಿನ ಗಾಳಿ ಎರಡೂವರೆ ಲೀಟರ್. ಮಳೆಗಾಲಕ್ಕೆ 20 ಗ್ರಾಂ ಸಿಲಿಕಾ ಜೆಲ್ ಸಾಕು, ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿಯದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಸಲ್ಲದು. ಹಸಿರಾದಾಗ ಕಾಳುಗಳನ್ನು ಚೀಲದಿಂದ ಹೊರಗೆ ಸುರಿದು, ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಒಳಗೊಂದು ಸಣ್ಣ ತೇವಮಾಪಕ ಇಟ್ಟು ತೇವಾಂಶವನ್ನು ಶೇಕಡಾ 45ರಿಂದ 55ರ ನಡುವೆ ನಿಲ್ಲಿಸಿ. ವಿಜಯಪುರದವರು ಬೇಸಿಗೆಯಲ್ಲಿ ಜೆಲ್ ತೆಗೆದುಬಿಡಬೇಕು; ಮೊದಲೇ ಒಣಗಿದ ಹವೆ, ಅದರ ಮೇಲೆ ಜೆಲ್ ಎಂದರೆ ಚರ್ಮದ ಬೆಲ್ಟು ಬಿರಿಯುತ್ತದೆ.

ಅಜ್ಜನ ಕಾಲದ ವಾಚಿದ್ದರೆ ಇನ್ನೊಂದು ಮಾತು. ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಾವು ರೇಡಿಯಂ ಅನ್ನುತ್ತೇವೆ, ಗಾಡಿಯ ಸ್ಟಿಕ್ಕರಿಗೂ. ಆದರೆ 1960ರ ದಶಕಕ್ಕೂ ಮುಂಚಿನ ಹೊಳೆಯುವ ಮುಳ್ಳುಗಳಲ್ಲಿ ವಿಕಿರಣ ಸೂಸುವ ನಿಜವಾದ ರೇಡಿಯಂ ಇರಬಹುದು. ಹೊಳಪು ಸತ್ತರೂ ಅದು ಸಾಯುವುದಿಲ್ಲ, ಅರ್ಧ ಕರಗಲು 1,600 ವರ್ಷ ಬೇಕು. ಅದರಿಂದ ಹುಟ್ಟುವ, ತಾನೂ ವಿಕಿರಣ ಸೂಸುವ ರೇಡಾನ್ ಅನಿಲ ಮುಚ್ಚಿದ ಡಬ್ಬಿಯಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಇಡಿ, ಬೆನ್ನು ಬಿಚ್ಚಬೇಡಿ.

ಇನ್ನು ‘ಫುಲ್ ಸೆಟ್’ (ಮೂಲ ಡಬ್ಬಿ, ಕಾಗದಪತ್ರ ಸಮೇತ) ಎಂದು ಪುಣೆ, ಮುಂಬೈಯಿಂದ ಹಳೆಯ ವಾಚು ತರಿಸುವವರಿಗೆ. ಡಬ್ಬಿಯ ಕಾಲ ವಾಚಿನ ಕಾಲಕ್ಕೆ ಹೊಂದಬೇಕು. 1968ರ ರೋಲೆಕ್ಸ್ ವಾಚು ಅಲೆಯ ವಿನ್ಯಾಸದ ಈಚಿನ ಹಸಿರು ಡಬ್ಬಿಯಲ್ಲಿ ಬಂದರೆ ಎರಡನ್ನು ಯಾರೋ ಮದುವೆ ಮಾಡಿಸಿದ್ದಾರೆ. ರೋಲೆಕ್ಸ್ 5 ವರ್ಷದ ವಾರಂಟಿ ಕೊಡತೊಡಗಿದ್ದು 2015ರಲ್ಲಿ. ಅದಕ್ಕೂ ಹಿಂದೆ ಮಾರಾಟವಾದ ವಾಚಿನ ಜತೆ 5 ವರ್ಷದ ಚೀಟಿ ಇದ್ದರೆ ಕಾರಣ ಕೇಳಿ. ದಿಂಬು ಎತ್ತಿ ಕೆಳಗಿನ ಬಟ್ಟೆ ನೋಡಿ: ನಿಜವಾಗಿ ಹಳೆಯದಾದರೆ ದಿಂಬು ಕೂತ ಜಾಗ ಗಾಢವಾಗಿ, ಸುತ್ತಲಿನದು ಮಾಸಿರುತ್ತದೆ. ಎಲ್ಲ ಕಡೆ ಒಂದೇ ಬಣ್ಣವಾದರೆ ಡಬ್ಬಿ ಹೊಸದು, ಅಥವಾ ಬಟ್ಟೆ ಹೊಸದು. ಸರ್ವಿಸ್ ಮುಗಿದ ಮೇಲೆ ಕೊಡುವ ಚೀಲವನ್ನು ಮೂಲ ಡಬ್ಬಿಯೆಂದು ಬೆಲೆ ಕಟ್ಟುವವರೂ ಇದ್ದಾರೆ.

ಮೂಲ ಡಬ್ಬಿ ಇದ್ದರೆ ಎಸೆಯಬೇಡಿ, ಮಾರುವಾಗ ಬೆಲೆ ಇದೆ. ವಾಚನ್ನು ಅದರಲ್ಲಿಡದೆ, ಹೊರಗಿನ ರಟ್ಟಿನ ಪೆಟ್ಟಿಗೆಯನ್ನೂ ಅದರ ಮೇಲಿನ ಸಂಖ್ಯೆಯ ಚೀಟಿಯನ್ನೂ ಸೇರಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಬೀರುವಿನ ಮೇಲಿನ ಅರೆಯಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ. ದಸರೆ ಮುಗಿದು ಬಿಸಿಲು ಬಿದ್ದ ಮೇಲೆ ಒಂದು ದಿನ ಮುಚ್ಚಳ ತೆರೆದು ನೆರಳಲ್ಲಿ ಗಾಳಿಗೆ ಹಾಕಿ.