ಸೆಲ್ ಬದಲಿಸಿದ ಮೇಲೆ ಸೈಕಲ್ ಸೆನ್ಸರ್ ಸುಮ್ಮನಾದರೆ ಯಾವ ಉಪಾಯ ಮೊದಲು?

ಹೊಸ ಸೆಲ್ ಹಾಕಿದ ಮೇಲೂ ಸೈಕಲ್ ಸೆನ್ಸರ್ ಏಳಲಿಲ್ಲ ಅಂದ್ರೆ ಸಲಹೆಗೇನೂ ಬರ ಇಲ್ಲ. ಸೆಲ್ ಉಲ್ಟಾ ಹಾಕಿ ತೆಗಿ ಅಂತ ಒಬ್ಬರು, ಪೇರಿಂಗ್ ಅಳಿಸಿ ಹೊಸದಾಗಿ ಮಾಡು ಅಂತ ಇನ್ನೊಬ್ಬರು, ಸೆಲ್ಲೇ ಡುಪ್ಲಿಕೇಟ್ ಅಂತ ಮತ್ತೊಬ್ಬರು. ನನ್ನ ಸೈಕಲ್ಲಿನಲ್ಲಿ ಎರಡು ಸೆನ್ಸರ್ ಇವೆ. ಒಂದು ಹಿಂದಿನ ಚಕ್ರದ ನಡುವಿನ ಹಬ್‌ಗೆ ಸುತ್ತಿದ ಸ್ಪೀಡ್ ಸೆನ್ಸರ್, ಇನ್ನೊಂದು ಎಡಗಡೆ ಕ್ರ್ಯಾಂಕಿಗೆ, ಅಂದ್ರೆ ಪೆಡಲ್ ಹಿಡಿದಿರುವ ತೋಳಿಗೆ, ಕಟ್ಟಿದ ಕೇಡೆನ್ಸ್ ಸೆನ್ಸರ್, ನಿಮಿಷಕ್ಕೆ ಎಷ್ಟು ಸಲ ಪೆಡಲ್ ಸುತ್ತಿತು ಅಂತ ಎಣಿಸುವುದು. ಎರಡಕ್ಕೂ ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್. ಎರಡೂ ಕೈಕೊಟ್ಟಿವೆ, ಹಾಗಾಗಿ ಈ ಉಪಾಯಗಳನ್ನೆಲ್ಲ ಮಾಡಿ ನೋಡಿದ್ದಾಯಿತು.

ಮೊದಲು ಕ್ರ್ಯಾಂಕ್ ತಿರುಗಿಸಿ ಲೈಟ್ ನೋಡಿ. ಬಹಳಷ್ಟು ಸೆನ್ಸರ್‌ಗಳಲ್ಲಿ ಒಂದು ಪುಟ್ಟ ಎಲ್‌ಇಡಿ ಇರುತ್ತದೆ, ಎಚ್ಚರ ಆದಾಗ ಮಿನುಗುತ್ತದೆ. ಲೈಟ್ ಬಂದರೆ ತೊಂದರೆ ಫೋನು ಅಥವಾ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ಕಡೆ. ಬರದಿದ್ದರೆ ಮುಚ್ಚಳದ ಒಳಗೆ. ಇದನ್ನು ನೋಡದೆ ಆ್ಯಪ್ ಅಳಿಸಿ ಹಾಕಿ ಮಾಡ್ತಾ ಕೂರೋದು ಸುಮ್ನೆ ಟೈಮ್ ವೇಸ್ಟ್. ನೀವು ಬಿಚ್ಚಿದ್ದು ಮುಚ್ಚಳ ಅಲ್ವಾ, ಆ್ಯಪ್ ಅಲ್ಲವಲ್ಲ.

ಸೆಲ್ ಉಲ್ಟಾ ಹಾಕೋದು ಮತ್ತು ಸೆಲ್ ತೆಗೆದು ಸುಮ್ಮನೆ ಕಾಯೋದು, ಎರಡರ ಉದ್ದೇಶವೂ ಒಂದೇ. ಸೆಲ್ ತೆಗೆದ ತಕ್ಷಣ ಒಳಗಿನ ಚಿಪ್ ಪೂರ್ತಿ ಆಫ್ ಆಗುವುದಿಲ್ಲ, ಕೆಪಾಸಿಟರ್‌ನಲ್ಲಿ ಚೂರು ಚಾರ್ಜ್ ಉಳಿದಿರುತ್ತದೆ. ಅಷ್ಟರಲ್ಲಿ ಹೊಸ ಸೆಲ್ ಕೂರಿಸಿದರೆ ಚಿಪ್ ಅರ್ಧ ನಿದ್ದೆಯಲ್ಲೇ ತಡವರಿಸುತ್ತದೆ. ಸೆನ್ಸರ್ ಮಾಡುವ ಗಾರ್ಮಿನ್ ಕಂಪನಿಯ ಕೈಪಿಡಿ 30 ಸೆಕೆಂಡ್ ಕಾಯಲು ಹೇಳುತ್ತದೆ. ಉಲ್ಟಾ ಹಾಕಿದರೆ ಆ ಚಾರ್ಜ್ ಬೇಗ ಇಳಿಯುತ್ತದೆ, ಕೆಲಸ ಬೇಗ ಆಗುತ್ತದೆ, ನಿಜ. ಆದರೂ ನನ್ನ ವೋಟು ಕಾಯೋದಕ್ಕೇ. ನಿಮ್ಮ ಸೆನ್ಸರಿನ ಕಂಪನಿಯೇ ಹೇಳಿದ್ದರೆ ಮಾತ್ರ ಉಲ್ಟಾ ಹಾಕಿ.

ಇನ್ನು ಸೆಲ್ ವಿಷಯ. ಮಕ್ಕಳು ಬಾಯಿಗೆ ಹಾಕದಿರಲಿ ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪ ಬಳಿದಿರುತ್ತಾರೆ. ಒಳ್ಳೆಯದೇ, ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಆದರೆ ಆ ಲೇಪ ಕರೆಂಟ್ ಹರಿಯಲು ಬಿಡುವುದಿಲ್ಲ, ಸೆಲ್‌ಗೆ ತಾಗುವ ಸೆನ್ಸರಿನೊಳಗಿನ ತಗಡಿನ ನಾಲಿಗೆ ಸರಿಯಾಗಿ ಅದರ ಮೇಲೇ ಕೂತರೆ ಸೆನ್ಸರ್‌ಗೆ ಸೆಲ್ ಇದ್ದೂ ಇಲ್ಲದ ಹಾಗೆ. ಕಳೆದ ವಸ್ತು ಹುಡುಕಲು ಬಳಸುವ ಏರ್‌ಟ್ಯಾಗ್‌ನಲ್ಲಿ ಇಂಥ ಸೆಲ್ ಕೆಲಸ ಮಾಡದೇ ಇರಬಹುದು ಅಂತ ಆಪಲ್ ಕೂಡ ಎಚ್ಚರಿಸಿದೆ. ಲೇಪ ಇರುವುದನ್ನೂ ಇಲ್ಲದ್ದನ್ನೂ ಒಂದೇ ಕೇಡೆನ್ಸ್ ಸೆನ್ಸರ್‌ಗೆ ಹಾಕಿ ನೋಡಿದೆ. ಲೇಪದ್ದು ಸತ್ತ ಹಾಗೆ ಬಿದ್ದಿತ್ತು, ಸ್ಪಿರಿಟ್ ಹತ್ತಿಯಲ್ಲಿ ಮೈನಸ್ ಬದಿ ಚೆನ್ನಾಗಿ ತಿಕ್ಕಿದ ಮೇಲೆ ಎದ್ದಿತು. ಲೇಪ ಇಲ್ಲದ್ದು ಹಾಕಿದ ಕೂಡಲೇ ಎದ್ದಿತು. ಸೆನ್ಸರ್‌ಗೆ ನಾನು ಈಗ ಲೇಪ ಇಲ್ಲದ್ದನ್ನೇ ತರೋದು, ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪ್ಯಾಕೆಟ್ಟು ಬೀಗದ ಒಳಗಿರಬೇಕು.

ಹಾಳೆಗಟ್ಟಲೆ ಸಿಗುವ ಅಗ್ಗದ ಸೆಲ್‌ಗಳು ಇನ್ನೊಂದು ತರಹ. ಮಲ್ಟಿಮೀಟರ್‌ನಲ್ಲಿ ಠೀವಿಯಿಂದ 3 ವೋಲ್ಟ್ ತೋರಿಸುತ್ತವೆ, ಸೆನ್ಸರ್ ಸಿಗ್ನಲ್ ಕಳಿಸೋಕೆ ಶುರು ಮಾಡಿದ ಕ್ಷಣ ಕುಸಿಯುತ್ತವೆ. ಬರೀ ಮೀಟರ್ ನಂಬಬೇಡಿ. ರೀಚಾರ್ಜ್ ಆಗುವ ಎಲ್‌ಐಆರ್2032 ಅಳತೆಯಲ್ಲಿ ಅದೇ ಇದ್ದರೂ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿನ ಸೆನ್ಸರ್‌ಗೆ ಅದನ್ನು ಹಾಕಲೇಬೇಡಿ.

ಸ್ಪೀಡ್ ಸೆನ್ಸರ್ ಕಥೆ ಬೇರೆ. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದ ತಗಡಿನ ನಾಲಿಗೆ ಹಾಸಿಗೆ ಹಿಡಿದ ಹಾಗೆ ಚಪ್ಪಟೆ ಮಲಗಿತ್ತು, ತುದಿಯಲ್ಲಿ ಹಸಿರು ಕಿಲುಬು. ಸೈಕಲ್ ತೊಳೆದ ನೀರು ಒಳಗೆ ಹೋದರೆ ಹೀಗಾಗುತ್ತದೆ. ಇದಕ್ಕೂ ಎರಡು ದಾರಿ. ಸೆಲ್ ಮತ್ತು ಮುಚ್ಚಳದ ನಡುವೆ ಮಡಚಿದ ಕಾಗದ ಇಟ್ಟು ಒತ್ತೋದು ಒಂದು. ಇಲ್ಲಾಂದ್ರೆ ಪೆನ್ಸಿಲ್ ರಬ್ಬರ್‌ನಿಂದ ಕಿಲುಬು ಉಜ್ಜಿ, ಸೇಫ್ಟಿ ಪಿನ್ನಿನ ತುದಿಯಲ್ಲಿ ನಾಲಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತೋದು. ಕಾಗದ ಹಾಕಿದಾಗ ಮನೆ ಮುಂದೆ ಸ್ಟ್ಯಾಂಡ್ ಮೇಲೆ ಚಕ್ರ ತಿರುಗಿಸಿದರೆ ಅದ್ಭುತವಾಗಿ ಓಡಿತು, ನಮ್ಮ ಬೆಂಗಳೂರಿನ ಹಳ್ಳದ ರಸ್ತೆಗೆ ಇಳಿದದ್ದೇ ಕುಲುಕಾಟಕ್ಕೆ ಸ್ಪೀಡ್ ಬಂದು ಹೋಗಿ ಆಡಲು ಶುರುವಾಯಿತು. ಪ್ಲಸ್ ಸಂಪರ್ಕ ಮುಚ್ಚಳದಲ್ಲೇ ಇರುವ ಸೆನ್ಸರ್‌ಗಂತೂ ಕಾಗದ ಅದನ್ನೇ ತಡೆಯುತ್ತದೆ. ಪಿನ್ನಿನ ದಾರಿಯೇ ಸರಿ, ಜಾಸ್ತಿ ಎತ್ತಲು ಹೋಗಿ ಮುರಿಯಬೇಡಿ ಅಷ್ಟೇ.

ಲೈಟ್ ಬರುತ್ತಿದೆ ಆದರೆ ಕಂಪ್ಯೂಟರ್ ಹುಡುಕುತ್ತಲೇ ಇದೆ ಅಂದರೆ? ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ ಪೆಡಲ್ ತಿರುಗಿಸಿ. ಸೆನ್ಸರ್‌ಗಳು ಬಳಸುವ ಇನ್ನೊಂದು ವೈರ್‌ಲೆಸ್ ವಿಧಾನ ಆಂಟ್ ಪ್ಲಸ್‌ನಲ್ಲಿ (ANT+) ಒಂದೇ ಸೆನ್ಸರಿನ ಸಿಗ್ನಲ್ ಎಷ್ಟು ಸಾಧನಗಳು ಬೇಕಾದರೂ ಕೇಳಿಸಿಕೊಳ್ಳಬಹುದು. ಬ್ಲೂಟೂತ್‌ನಲ್ಲಿ ಎಷ್ಟೋ ಸೆನ್ಸರ್‌ಗಳು ಒಂದು ಹೊತ್ತಿಗೆ ಒಂದೇ ಸಾಧನದ ಜೊತೆ ಸೇರುತ್ತವೆ, ಜೇಬಿನಲ್ಲಿರುವ ಫೋನಿನ ಆ್ಯಪ್ ಮೊದಲೇ ಹಿಡಿದುಬಿಟ್ಟಿರುತ್ತದೆ. ಇದರ ಎದುರು ಪೇರಿಂಗ್ ಅಳಿಸೋದು ದುಬಾರಿ, ಯಾಕಂದ್ರೆ ಕೆಲವು ಕಂಪ್ಯೂಟರ್‌ಗಳಲ್ಲಿ ಅದರ ಜೊತೆ ಚಕ್ರದ ಸುತ್ತಳತೆಯೂ ಹೋಗುತ್ತದೆ. 700x28 ಟೈರಿಗೆ 2136 ಮಿಲಿಮೀಟರ್ ಇರಬೇಕಾದಲ್ಲಿ 700x23ರ 2096 ಕೂತುಬಿಟ್ಟರೆ, ನಂದಿ ಬೆಟ್ಟದವರೆಗಿನ ಸುಮಾರು 60 ಕಿಲೋಮೀಟರಿನಲ್ಲಿ ಒಂದು ಕಿಲೋಮೀಟರಿಗೂ ಜಾಸ್ತಿ ಕಳೆದುಹೋಗುತ್ತದೆ! ಜಿಪಿಎಸ್ ನೋಡಿ ತಾನೇ ತಿದ್ದಿಕೊಳ್ಳುವ ಕಂಪ್ಯೂಟರ್ ಇದ್ದವರಿಗೆ ಈ ಚಿಂತೆ ಇಲ್ಲ.

ಚಕ್ರದ ಕಡ್ಡಿಗೆ ಮ್ಯಾಗ್ನೆಟ್ ಕಟ್ಟುವ ಹಳೇ ವೈರಿನ ಮಾದರಿಯಲ್ಲಿ ಪೇರಿಂಗ್ ಗೋಜೇ ಇಲ್ಲ. ಸೆಲ್ ಹಾಕುವಾಗ ಕೈ ತಾಗಿ ಮ್ಯಾಗ್ನೆಟ್ ಜರುಗಿದೆಯಾ ನೋಡಿ, ಸುತ್ತಳತೆ ಮತ್ತೆ ತುಂಬಿ, ಮುಗಿಯಿತು.

ಯಾವ ದಾರಿ ಹಿಡಿದರೂ ಮುಚ್ಚಳ ಹಾಕುವಾಗ ರಬ್ಬರ್ ಉಂಗುರ ಅದರ ತೋಡಿನಲ್ಲೇ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಅದು ಸೊಟ್ಟ ಕೂತಿದ್ದರೆ ಮುಂದಿನ ಮಳೆಗೆ ಮತ್ತೆ ಸೇಫ್ಟಿ ಪಿನ್ ಹುಡುಕಬೇಕಾಗುತ್ತದೆ.