ವೆಬ್‌ಸೈಟ್ ಮಾಡಿಸುವ ಮುನ್ನ ಲಿಂಕಿನ ಬಣ್ಣ ನೋಡಿ: ನಮ್ಮ ಬಿದ್ರಿ ಅಂಗಡಿಗೆ ಆದದ್ದು

ಬೀದರಿನಲ್ಲಿ ನಮ್ಮದು ಬಿದ್ರಿ ಸಾಮಾನಿನ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಸಾಮಾನಿನ, ಸಣ್ಣ ಅಂಗಡಿ. ಬೀದರ್, ಕಲಬುರಗಿ, ಯಾದಗಿರಿ ಕಡೆ ವೆಬ್‌ಸೈಟ್ ಮಾಡಿಸಲು ಹೊರಟವರು, ತೊಗರಿ ಬೇಳೆ ಮಾರುವವರಿರಲಿ, ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡುವ ಅಕ್ಕಂದಿರಿರಲಿ, ಪೂರ್ತಿ ಹಣ ಕೊಡುವ ಮೊದಲು ಇದನ್ನು ಓದಿ.

28,000 ರೂಪಾಯಿ ಕೊಟ್ಟು ಮಾಡಿಸಿದೆವು. "ಬಿದ್ರಿ ಎಂದರೆ ಕಪ್ಪು, ಸೈಟೂ ಕಪ್ಪಾಗಿರಲಿ" ಎಂದರು ಸೈಟ್ ಮಾಡುವವರು. ನಮಗೂ ಹಿಡಿಸಿತು. ಕಪ್ಪು ನೆಲದ ಮೇಲೆ ಹೂದಾನಿ, ತಟ್ಟೆ, ಪಾನದಾನಿಗಳ ಫೋಟೊ. ಕೊಳ್ಳುವ ಲಿಂಕ್ ಮಾತ್ರ ಕಡು ಬೂದು. ಅಡಿಗೆರೆ ಹಾಕಿದರೆ ಹಳೆಯ ಕಾಲದ್ದು ಎನಿಸುತ್ತದೆ ಎಂದು ಅದನ್ನೂ ತೆಗೆದರು. ಅವರ ಕಚೇರಿಯ ದೊಡ್ಡ ಪರದೆಯಲ್ಲಿ ಎಲ್ಲವೂ ಅಂದವಾಗಿಯೇ ಕಂಡಿತು.

ಎಂಟು ತಿಂಗಳಲ್ಲಿ ಐದೇ ಆರ್ಡರ್. ಜನ ಬರುತ್ತಿದ್ದರು, ಫೋಟೊ ನೋಡುತ್ತಿದ್ದರು, ಹೋಗುತ್ತಿದ್ದರು. ಕೇಳಿದರೆ "ಜಾಹೀರಾತು ಹೆಚ್ಚಿಸಿ" ಎಂಬ ಉತ್ತರ. ಹೆಚ್ಚಿಸಿದೆವು. ಕಾಣದ ಬಾಗಿಲಿಗೆ ಇನ್ನಷ್ಟು ಜನರನ್ನು ಕರೆತಂದೆವು, ಅಷ್ಟೇ. ಆ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಪ್ಪು ಹಿಡಿದವರು ನಮ್ಮ ಕಾರ್ಖಾನೆಯ ಹಿರಿಯ ಚಾಚಾ. ಒಂದು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕುಳಿತವರ ಕೈಗೆ ಮೊಬೈಲ್ ಕೊಟ್ಟು, "ಈ ಸುರಾಹಿಯನ್ನು ಕೊಂಡು ತೋರಿಸಿ ಚಾಚಾ" ಎಂದೆ. ಕನ್ನಡಕ ಏರಿಸಿ, ಅಂಗೈ ಅಡ್ಡ ಹಿಡಿದು, ಫೋಟೊವನ್ನೇ ನಾಲ್ಕು ಸಲ ಒತ್ತಿದರು. ಲಿಂಕ್ ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಕೊನೆಗೆ ಫೋನ್ ಹಿಂದಿರುಗಿಸಿ, "ಇದರಲ್ಲಿ ಬೆಳ್ಳಿಯನ್ನೇ ಕೂರಿಸಿಲ್ಲವಲ್ಲ ಬೇಟಾ" ಎಂದರು.

ನನಗೆ ಅಳುವೇ ಬಂತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಎಂಬ ಉಪ್ಪು ಸೇರಿಸಿ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ನೆಲ ಕಪ್ಪಾದಷ್ಟೂ ಬೆಳ್ಳಿಯ ಬಳ್ಳಿ ಬೆಳಗುತ್ತದೆ. ತಲೆಮಾರುಗಳಿಂದ ಈ ಕೆಲಸವನ್ನೇ ಮಾಡಿಕೊಂಡು ಬಂದವರು ನಾವು. ನಮ್ಮದೇ ಪುಟದಲ್ಲಿ ಅದನ್ನು ಮರೆತಿದ್ದೆವು.

ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಹೊಳಪಿನ ವ್ಯತ್ಯಾಸಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1. ನಮ್ಮ ಲಿಂಕ್ 2.5ರ ಆಸುಪಾಸಿನಲ್ಲಿತ್ತು. ಇದನ್ನು ಅಳೆಯುವ ಉಚಿತ ಸಾಧನಗಳು ಇಂಟರ್‌ನೆಟ್‌ನಲ್ಲೇ ಸಿಗುತ್ತವೆ, ಎರಡು ನಿಮಿಷದ ಕೆಲಸ. ಬಣ್ಣವೊಂದನ್ನೇ ನಂಬಬಾರದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಬಣ್ಣಗುರುಡು ಇರುವವರಿಗೆ ಕೆಂಪು ಹಸಿರು ಒಂದೇ ಥರ ಕಾಣಬಹುದು. ಅವರಿಗೆ ದಾರಿ ತೋರಿಸುವುದು ಅಡಿಗೆರೆ. 1990ರ ದಶಕದ ಬ್ರೌಸರ್‌ಗಳ ಕಾಲದಿಂದ ನೀಲಿ ಅಕ್ಷರ, ಕೆಳಗೊಂದು ಗೆರೆ ಕಂಡರೆ ಒತ್ತಬಹುದು ಎಂದು ಜನರ ಕಣ್ಣು ಪಳಗಿದೆ. ಹೊಸತನದ ಹೆಸರಿನಲ್ಲಿ ಅದನ್ನು ಕೆಡಿಸಿದರೆ ನಷ್ಟ ಅಂಗಡಿಯವರಿಗೇ.

ಬಣ್ಣ ಬದಲಿಸಿ ಎಂದರೆ ಸೈಟ್ ಮಾಡಿದವರು ಇನ್ನೂ 4,000 ರೂಪಾಯಿ ಕೇಳಿದರು. ಸೈಟಿನ ಪಾಸ್‌ವರ್ಡ್ ಅವರ ಬಳಿಯೇ ಇತ್ತು, ಬೇರೆ ದಾರಿಯಿಲ್ಲದೆ ಹಣ ಕೊಟ್ಟೆವು. ಈಗ ಕೊಳ್ಳುವ ಲಿಂಕ್ ಬೆಳ್ಳಿಯಂಥ ಬಿಳುಪು, ಕೆಳಗೆ ಗೆರೆ. ಆರ್ಡರ್ ಹೆಚ್ಚಾಗಿವೆ. ಆದರೆ ಬದಲಿಸಿದ್ದು ದೀಪಾವಳಿಯ ಹೊತ್ತಿಗೆ, ಆದ್ದರಿಂದ ಎಲ್ಲವೂ ಬಣ್ಣದಿಂದಲೇ ಆಯಿತು ಎನ್ನಲಾರೆ.

ಇದನ್ನು ಹೇಳಲು ಕಾರಣವಿದೆ. ಈಚೆಗೆ ಇನ್ನೊಬ್ಬರು ಬಂದು, ಬಟನ್ ಕೆಂಪು ಮಾಡಿದರೆ ಮಾರಾಟ ದುಪ್ಪಟ್ಟಾಗುತ್ತದೆ, ಬಣ್ಣದ ಪರೀಕ್ಷೆಗೆ ತಿಂಗಳಿಗೆ ಇಷ್ಟು ಎಂದು ಹಣ ಕೇಳಿದರು. ಗೂಗಲ್ ಲಿಂಕಿಗಾಗಿ ನೀಲಿಯ 41 ಛಾಯೆಗಳನ್ನು ಪರೀಕ್ಷಿಸಿದ್ದನ್ನೂ ಉದಾಹರಿಸಿದರು. ಆ ಪರೀಕ್ಷೆ ನಡೆದದ್ದು ನಿಜ. ಆದರೆ ಕೋಟಿಗಟ್ಟಲೆ ಜನ ಒತ್ತುವ ಕಡೆ ಛಾಯೆಯ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಸಿಗುತ್ತದೆ. ದಿನಕ್ಕೆ ಮೂವತ್ತು ಜನ ಬರುವ ಅಂಗಡಿಗೆ ಮಾರಾಟ ಏರಿದ್ದು ಹಬ್ಬದಿಂದಲೋ, ಸಂಬಳದ ದಿನದಿಂದಲೋ, ಬಣ್ಣದಿಂದಲೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಪಾಸ್‌ವರ್ಡ್ ಮೊದಲೇ ನಿಮ್ಮ ಕೈಗೆ ಬರಲಿ. ಕೊನೆಯ ಕಂತು ಕೊಡುವ ಮುನ್ನ ಮನೆಯ ಹಿರಿಯರೊಬ್ಬರನ್ನು ಬಿಸಿಲಿನಲ್ಲಿ ಕೂರಿಸಿ, ಅವರ ಹಳೆಯ ಮೊಬೈಲಿನಲ್ಲೇ ಒಂದು ಸಾಮಾನು ಕೊಳ್ಳಲು ಹೇಳಿ. ಅವರ ಹೆಬ್ಬೆರಳು ಎಲ್ಲಿ ಹೋಗುತ್ತದೆ ಎಂದು ಸುಮ್ಮನೆ ನೋಡುತ್ತಿರಿ, ಬಾಯಿ ಬಿಟ್ಟು ದಾರಿ ಹೇಳಬೇಡಿ.